ಶಿವ ಶಿವ ಎನ್ನದ ಚಳಿ

ಶಿವರಾತ್ರಿ ಮುಗಿದು ಆರು ದಿನ ಆಯ್ತು. ನಮ್ಮ ಮನೆಯ ಮಂಚದ ಮೇಲೆ ಕೌದಿ ಇನ್ನೂ ಹಾಗೇ ಇದೆ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ ಅನ್ನೋ ಮಾತು ಕೇಳದೆ ಬೆಳೆದ ಕನ್ನಡದ ಮಕ್ಕಳು ಇರಲಿಕ್ಕಿಲ್ಲ. ಅವ್ವನಿಗಂತೂ ಅದು ಪಂಚಾಂಗಕ್ಕಿಂತ ದೊಡ್ಡ ಮಾತು. ಹಬ್ಬದ ಮರುದಿನ ಸ್ವೆಟರ್ ಟ್ರಂಕಿಗೆ, ಕೌದಿ ಬಾವಿಕಟ್ಟೆಗೆ. ಧಾರವಾಡದ ಮನೆಯಲ್ಲಿ ಇದು ತಪ್ಪಿದ್ದು ನನಗೆ ನೆನಪಿಲ್ಲ. ಈ ವರ್ಷ ಅವ್ವ ಪುಣೆಯಲ್ಲಿ ನಮ್ಮ ಜೊತೆ ಇದ್ದಾಳೆ. ಜಾಗರಣೆ ಮುಗಿಸಿ, ಸ್ನಾನ ಮಾಡಿ, ಬೆಳಗ್ಗೆ ಬಾಲ್ಕನಿ ಬಾಗಿಲು ತೆಗೆದವಳೇ ಮತ್ತೆ ಮುಚ್ಚಿದಳು.

"ಎಲ್ಲಿ ಹೋಗೇತಿ? ಇಲ್ಲೇ ಕುಂತೈತಿ ನೋಡು" ಅಂದಳು.

ನಾವಿರುವುದು ಕೋಥರೂಡ್‌ನಲ್ಲಿ, ನಾಲ್ಕನೇ ಮಹಡಿ. ಮದುವೆಯಾಗಿ ಈ ಊರಿಗೆ ಬಂದು 18 ವರ್ಷ. ಬಾಲ್ಕನಿಯಲ್ಲಿ ನಿಂತರೆ ಎರಡು ಬಿಲ್ಡಿಂಗ್‌ಗಳ ಸಂದಿಯಲ್ಲಿ ವೇತಾಳ ಟೇಕಡಿಯ ಒಂದು ತುಂಡು ಕಾಣುತ್ತದೆ. ಟೇಕಡಿ ಅಂದರೆ ಗುಡ್ಡ. ಪುಣೆ ಊರೊಳಗಿನ ಅತಿ ಎತ್ತರದ ಗುಡ್ಡ ಇದೇ. ಬೆಳಗ್ಗೆ ಎದ್ದು ಆ ತುಂಡನ್ನು ನೋಡಿದರೆ ಅವತ್ತು ಎಷ್ಟು ಚಳಿ ಅಂತ ಗೊತ್ತಾಗುತ್ತದೆ. ಗುಡ್ಡ ಸ್ವಚ್ಛವಾಗಿ ಕಂಡರೆ ಚಳಿ ಕಡಿಮೆ. ಗುಡ್ಡದ ಕಾಲಿಗೆ ಬೂದಿ ಬಣ್ಣದ ಮಂಜು ಸುತ್ತಿಕೊಂಡಿದ್ದರೆ ಸ್ವೆಟರ್ ಬೇಕು. ಈ ಸಲ ಫೆಬ್ರವರಿ ಪೂರ್ತಿ ಗುಡ್ಡ ಮಂಜಿನಲ್ಲೇ ಎದ್ದಿತು.

ಇಲ್ಲಿಯ ಜನ ಈ ದಿನಗಳ ಚಳಿಗೆ ಗುಲಾಬಿ ಥಂಡಿ ಅನ್ನುತ್ತಾರೆ. ಎಷ್ಟು ಚೆನ್ನಾಗಿದೆ ಅಲ್ವಾ ಆ ಹೆಸರು? ಕಚ್ಚುವ ಚಳಿ ಅಲ್ಲ, ಸುಮ್ನೆ ಕೆನ್ನೆ ಮುಟ್ಟಿ ಹೋಗುವ ಚಳಿ. ಬೆಳಗ್ಗೆ 12 ಡಿಗ್ರಿ ಇದ್ದರೆ ಮಧ್ಯಾಹ್ನ 32. ಬೆಳಗ್ಗೆ ಆಫೀಸಿಗೆ ಜಾಕೆಟ್ ಹಾಕಿಕೊಂಡು ಹೋದವರು ಸಂಜೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಒಂದೇ ದಿನದಲ್ಲಿ ಚಳಿಗಾಲ, ಬೇಸಿಗೆ ಎರಡೂ ಆಗಿಹೋಗುತ್ತವೆ. ಇಲ್ಲಿ ಗಾಳಿ ಒಣಗಿರುತ್ತದೆ, ರಾತ್ರಿ ಮೋಡ ಇರುವುದಿಲ್ಲ. ಹಗಲೆಲ್ಲ ನೆಲ ಕುಡಿದ ಬಿಸಿ ರಾತ್ರಿ ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ. ಒಂದು ರಾತ್ರಿ ಮೋಡ ಕಟ್ಟಿದರೆ ಸಾಕು, ಬೆಳಗ್ಗೆ ನಾಲ್ಕು ಡಿಗ್ರಿ ಜಾಸ್ತಿ. ಅವ್ವ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾಳೆ: "ಮಾಡ ಅಂದ್ರ ಆಕಾಶದ ಕೌದಿ."

ಈ ವರ್ಷ ಚಳಿ ಒಂದೇ ಸಲಕ್ಕೆ ಹೋಗಲಿಲ್ಲ. ಹೋಗಿ ಹೋಗಿ ವಾಪಸ್ ಬಂತು. ಮೆಡಿಟರೇನಿಯನ್ ಕಡೆಯಿಂದ ಹೊರಟ ಗಾಳಿ ಮಳೆಯ ಅಲೆಗಳು ಹಿಮಾಲಯಕ್ಕೆ ಬಂದು ಹಿಮ ಸುರಿಸುತ್ತವೆ. ಅವು ದಾಟಿದ ಮೇಲೆ ಉತ್ತರದ ತಣ್ಣನೆಯ ಒಣ ಗಾಳಿ ದಕ್ಷಿಣಕ್ಕೆ ಇಳಿಯುತ್ತದೆ, ಕೆಲವು ಸಲ ನಮ್ಮ ದಖನ್ ತನಕ. ಎಲ್ಲೋ ಕಾಶ್ಮೀರದಲ್ಲಿ ಹಿಮ ಬಿದ್ದ ಸುದ್ದಿ ಟಿವಿಯಲ್ಲಿ ಬಂದರೆ, ಎರಡು ಮೂರು ದಿನ ಬಿಟ್ಟು ಕೋಥರೂಡ್‌ನಲ್ಲಿ ನಾನು ಗೀಜರ್ ಐದು ನಿಮಿಷ ಜಾಸ್ತಿ ಹಾಕುತ್ತೇನೆ.

ಹವಾಮಾನದ ಮಾತು ಬಂದಾಗ ನನಗೆ ಇಷ್ಟವಾದ ಒಂದು ಜಾಗ ನೆನಪಾಗುತ್ತದೆ. ಶಿವಾಜಿನಗರದ ಒಂದು ಚೌಕಕ್ಕೆ ಸಿಮ್ಲಾ ಆಫೀಸ್ ಅಂತ ಹೆಸರು. ಬಂದ ಹೊಸತರಲ್ಲಿ ಬಸ್ ಕಂಡಕ್ಟರ್ "ಸಿಮ್ಲಾ ಆಫೀಸ್, ಸಿಮ್ಲಾ ಆಫೀಸ್" ಅಂತ ಕೂಗಿದಾಗ ನಾನು ಯಾವುದೋ ಟೂರಿಸ್ಟ್ ಆಫೀಸ್ ಇರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು. ಮುಂದೆ ಅದು ದಿಲ್ಲಿಗೆ ಹೋಯಿತು, ಹೆಸರು ಮಾತ್ರ ಚೌಕಕ್ಕೆ ಅಂಟಿಕೊಂಡಿತು. ಇಲಾಖೆಯ ದೊಡ್ಡ ಕಚೇರಿಯೊಂದು ಇವತ್ತಿಗೂ ಅಲ್ಲಿದೆ. ಪುಣೆಯ ಚಳಿ ಅಂತ ಪೇಪರಿನಲ್ಲಿ ಬರುವ ಅಂಕಿ ಹೆಚ್ಚಾಗಿ ಶಿವಾಜಿನಗರದ್ದೇ. ಆದರೆ ಊರೆಲ್ಲ ಅದೇ ಚಳಿ ಇರುವುದಿಲ್ಲ. ಪಾಷಾಣ್, ಶಿವಾಜಿನಗರದಲ್ಲಿ ಜನ ನಡುಗುವಾಗ ನಮ್ಮವರು ಕೆಲಸ ಮಾಡುವ ಮಗರಪಟ್ಟಾ ಕಡೆ ಬೆಳಗ್ಗೆ ನಾಲ್ಕೈದು ಡಿಗ್ರಿ ಜಾಸ್ತಿ. ಅಲ್ಲಿ ಕಾಂಕ್ರೀಟ್ ರಾತ್ರಿಯೆಲ್ಲ ಬಿಸಿ ಹಿಡಿದುಕೊಂಡಿರುತ್ತದೆ. ಗಿಡ, ಕೆರೆ, ಖಾಲಿ ನೆಲ ಇರುವ ಕಡೆ ಚಳಿ ಬಂದು ಕೂರುತ್ತದೆ. ಅದಕ್ಕೇ ನನಗೆ ಚಳಿ ಜಾಸ್ತಿ ಬಿದ್ದ ಬೆಳಗ್ಗೆ ಒಂಥರಾ ಸಮಾಧಾನ ಆಗುತ್ತದೆ. ನಮ್ಮ ಸುತ್ತ ಇನ್ನೂ ಸ್ವಲ್ಪ ಮಣ್ಣು, ಸ್ವಲ್ಪ ಗಿಡ ಉಳಿದಿವೆ ಅಂತ.

ಇನ್ನು ನಮ್ಮ ಬಾಲ್ಕನಿಯ ವಿಷಯ. ಈ ಬರಹ ಶುರು ಮಾಡಿದ್ದೇ ಅದಕ್ಕೆ.

ಬಾಲ್ಕನಿಯ ಗ್ರಿಲ್ಲಿಗೆ ಒಂದು ಮಧುಮಾಲತಿ ಬಳ್ಳಿ ಹಬ್ಬಿದೆ. ಅದರ ಒಂದು ಒಣಗಿದ ಕೊಂಬೆ ಬಟ್ಟೆ ಹಾಕುವ ದಾರದ ಪಕ್ಕ ಜೋತುಬಿದ್ದಿತ್ತು. ಕತ್ತರಿಸಬೇಕು ಅಂತ ದೀಪಾವಳಿಯಿಂದ ಅಂದುಕೊಳ್ಳುತ್ತಿದ್ದೆ. ಫೆಬ್ರವರಿ ಮೊದಲ ವಾರ ಒಂದು ಬೆಳಗ್ಗೆ ಆ ಕೊಂಬೆಯ ತುದಿಗೆ ಚೂರು ಕಸ ಅಂಟಿದ ಹಾಗೆ ಕಂಡಿತು. ಮರುದಿನ ಇನ್ನಷ್ಟು ಕಸ. ಮಗ ಆಗ ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತ ಬೆಳಗ್ಗೆ ಐದಕ್ಕೇ ಏಳುತ್ತಿದ್ದ. ಕೌದಿ ಹೊದ್ದುಕೊಂಡು ಬಾಲ್ಕನಿ ಬಾಗಿಲ ಹತ್ತಿರ ಕೂರುತ್ತಿದ್ದ. ಮೊದಲು ನೋಡಿದ್ದು ಅವನೇ.

"ಅಮ್ಮಾ, ಕಸ ಅಲ್ಲ ಅದು. ಒಂದು ಹಕ್ಕಿ ತಂದು ಅಂಟಿಸ್ತಿದೆ."

ಸೂರಕ್ಕಿ. ಇಲ್ಲಿ ಶಿಂಜೀರ್ ಅನ್ನುತ್ತಾರೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಬಾಗಿದ ಸೂಜಿಯಂಥ ಕೊಕ್ಕು. ಗೂಡು ಕಟ್ಟುವುದು ಹೆಣ್ಣು ಒಂದೇ. ಮೇಲೆ ಮಾಸಲು ಬಣ್ಣ, ಹೊಟ್ಟೆ ತಿಳಿ ಹಳದಿ. ಗಂಡು ಎದುರಿನ ವೈರಿನ ಮೇಲೆ ಕೂತು ಹಾಡುತ್ತಿತ್ತು. ಚಳಿಗಾಲಕ್ಕೆ ಗಂಡೂ ಬಣ್ಣ ಕಳೆದುಕೊಂಡು ಹೆಣ್ಣಿನ ಹಾಗೇ ಆಗುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಸಂಕ್ರಾಂತಿ ಹೊತ್ತಿಗೆ ನಮ್ಮ ವೈರಿನ ಮೇಲೆ ಕೂರುತ್ತಿದ್ದದ್ದು ಅಂಥದ್ದೇ, ಅರ್ಧ ಹಳದಿ, ಅಲ್ಲಲ್ಲಿ ನೀಲಿ ತೇಪೆ. ರಥಸಪ್ತಮಿ ಕಳೆದ ಮೇಲೆ ತೇಪೆಗಳು ಒಂದಕ್ಕೊಂದು ಕೂಡಿಕೊಂಡವು. ಈಗ ಪೂರ್ತಿ ಹೊಳೆಯುವ ಕಪ್ಪು ನೀಲಿ. ಬಿಸಿಲು ಓರೆಯಾಗಿ ಬಿದ್ದರೆ ನೇರಳೆ. ಕ್ಯಾಲೆಂಡರ್ ನೋಡದೆ ಋತು ಬದಲಾಗಿದ್ದನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಇಲ್ಲಿ ಅವ್ವನ ಒಂದು ವಿಷಯ ಹೇಳಬೇಕು. ಅವ್ವ ಬಂದ ಮನೆಯಲ್ಲಿ ಜೇಡರ ಬಲೆ ಉಳಿಯುವುದಿಲ್ಲ. ಶುಕ್ರವಾರ ಬಂತೆಂದರೆ ಉದ್ದ ಕೋಲಿಗೆ ಬಟ್ಟೆ ಸುತ್ತಿಕೊಂಡು ಮೂಲೆ ಮೂಲೆ ತೆಗೆಯುತ್ತಾಳೆ. ಆ ಶುಕ್ರವಾರವೂ ಕೋಲು ಹಿಡಿದು ಬಾಲ್ಕನಿಗೆ ಹೋದಳು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಎಷ್ಟು ಹೊತ್ತಾದರೂ ಸದ್ದಿಲ್ಲ. ಹೋಗಿ ನೋಡಿದರೆ ಕೋಲನ್ನು ಗೋಡೆಗೆ ಒರಗಿಸಿ, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಆ ಹೆಣ್ಣು ಹಕ್ಕಿ ಏಸಿಯ ಹೊರಗಿನ ಡಬ್ಬಿಯ ಹಿಂದಿನ ಮೂಲೆಗೆ ಹೋಗುತ್ತಿತ್ತು. ಗಾಳಿಯಲ್ಲಿ ನಿಂತ ಹಾಗೆ ರೆಕ್ಕೆ ಬಡಿಯುತ್ತ ಜೇಡರ ಬಲೆಯನ್ನು ಕೊಕ್ಕಿಗೆ ಸುತ್ತಿಕೊಳ್ಳುತ್ತಿತ್ತು. ನೂಲುವವರು ಬೆರಳಿಗೆ ದಾರ ಸುತ್ತಿಕೊಳ್ಳುವ ಹಾಗೆ. ಆಮೇಲೆ ಗೂಡಿಗೆ ಬಂದು ಅದನ್ನು ಒತ್ತಿ ಒತ್ತಿ ಅಂಟಿಸುತ್ತಿತ್ತು. ಸೂರಕ್ಕಿಯ ಗೂಡನ್ನು ಹಿಡಿದಿಡುವ ಗೋಂದು, ದಾರ ಎಲ್ಲ ಜೇಡರ ಬಲೆಯೇ. ಅದು ಎಳೆದರೆ ಹಿಗ್ಗುತ್ತದೆ, ಹರಿಯುವುದಿಲ್ಲ. ಮರಿ ಬೆಳೆದ ಹಾಗೆ ಗೂಡೂ ಹಿಗ್ಗುತ್ತದೆ.

ಅವ್ವ ಕೋಲಿನ ಬಟ್ಟೆ ಬಿಚ್ಚಿದಳು. "ಬಾಲ್ಕನ್ಯಾಗಿನ ಬಲಿ ಯಾರೂ ಮುಟ್ಟಬ್ಯಾಡ್ರಿ. ಅದು ಆಕೀ ನೂಲು" ಅಂದಳು. ಮನೆ ಕೆಲಸಕ್ಕೆ ಬರುವ ಮಾವಶಿಗೂ ತನಗೆ ಬಂದಷ್ಟು ಮರಾಠಿಯಲ್ಲಿ ಹೇಳಿದಳು. ಆ ಮೂಲೆಯ ಬಲೆ ಈಗಲೂ ಇದೆ.

ಗೂಡು ಮುಗಿಯಲು ಹತ್ತು ದಿನ ಹಿಡಿಯಿತು. ನಡುವೆ ಮೂರು ದಿನ ಚಳಿ ಜೋರಾದಾಗ ಹಕ್ಕಿ ಬರಲೇ ಇಲ್ಲ. ಬಿಟ್ಟು ಹೋಯಿತು ಅಂತ ಮಗ ಬೇಜಾರು ಮಾಡಿಕೊಂಡ. ನಾಲ್ಕನೇ ದಿನ ಬಿಸಿಲು ಏರಿದ ಮೇಲೆ ಮತ್ತೆ ಬಂತು. ಈಗ ಅದು ಅಂಗೈ ಉದ್ದದ ಪೇರಲ ಆಕಾರದ ಚೀಲ. ಒಣ ಎಲೆ, ತೊಗಟೆಯ ಚೂರು, ಎಂಥದೋ ಹುಳದ ಹಿಕ್ಕೆ ಎಲ್ಲ ಸೇರಿ ಕಸ ಸಿಕ್ಕಿಹಾಕಿಕೊಂಡ ಹಾಗೆಯೇ ಕಾಣುತ್ತದೆ. ಕಾಗೆಗೆ ಹಾಗೇ ಕಾಣಲಿ ಅಂತಲೇ ಇರಬೇಕು. ಪಕ್ಕದಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಸಣ್ಣ ಮಾಡು. ನಮ್ಮ ಹಳೇ ಮನೆಯ ಕಟ್ಟೆಯ ಮೇಲಿದ್ದ ತಗಡಿನ ಮಾಡಿನ ಹಾಗೆ! ಒಳಗೆ ಬಿಳಿ ಅರಳೆ. ಕೆಳಗೆ ಖಾಲಿ ಸೈಟಿನಲ್ಲಿ ಎಕ್ಕದ ಗಿಡ ಇದೆ, ಅಲ್ಲಿಂದ ತಂದಿರಬಹುದು. ಶಿವರಾತ್ರಿಗೆ ಎರಡು ದಿನ ಮೊದಲಿನಿಂದ ಹೆಣ್ಣು ಒಳಗೆ ಕೂತಿದೆ. ಕಾವು ಕೊಡುವ ಕೆಲಸವೂ ಅದರದೇ. ಎರಡು ವಾರಕ್ಕೂ ಸ್ವಲ್ಪ ಜಾಸ್ತಿ ಕೂರಬೇಕು. ಬೆಳಗಿನ ಚಳಿಯಲ್ಲಿ ಬಾಗಿಲಿನಿಂದ ಬಾಗಿದ ಕೊಕ್ಕು ಮಾತ್ರ ಹೊರಗೆ ಕಾಣುತ್ತದೆ. ಬಿಸಿಲು ಬಂದ ಮೇಲೆ ಹಾರಿ ಹೋಗಿ, ಹೊಟ್ಟೆ ತುಂಬಿಸಿಕೊಂಡು ಬೇಗ ಬರುತ್ತದೆ. ಚಳಿ ಇದ್ದ ದಿನ ಇನ್ನೂ ಬೇಗ.

ಭಾನುವಾರ ನಾನು ಟೇಕಡಿ ಹತ್ತುತ್ತೇನೆ. ಅವ್ವನಿಗೆ ಮೊಣಕಾಲು ನೋವು, ಆಕೆ ಬರುವುದಿಲ್ಲ. ಬಂದ ಮೇಲೆ ಏನೇನು ಕಂಡೆ ಅಂತ ಪೂರ್ತಿ ವರದಿ ಕೊಡಬೇಕು. ಈ ಸಲ ಕೊಡಲು ಬಹಳ ಇತ್ತು. ಬೂರುಗದ ಮರ ಎಲೆಯೆಲ್ಲ ಕಳಚಿ ಹೂ ಹೊತ್ತು ನಿಂತಿದೆ. ಕೆಂಪು, ದಪ್ಪ ದಪ್ಪ ಎಸಳು. ಬಿದ್ದರೆ ದಪ್ ಅಂತ ಸದ್ದು. ಇಲ್ಲಿ ಇದಕ್ಕೆ ಕಾಟೇಸಾವರ್ ಅನ್ನುತ್ತಾರೆ. ಬೆಳಗ್ಗೆ ಆ ಒಂದು ಮರದ ಮೇಲೆ ಮೈನಾ, ಕಾಗೆ, ಪಿಕಳಾರ, ಅಳಿಲು ಎಲ್ಲವೂ ಹೂವಿನೊಳಗೆ ತಲೆ ಹಾಕಿ ಮಕರಂದ ಕುಡಿಯುತ್ತವೆ. ಎಲೆ ಇಲ್ಲದ್ದರಿಂದ ಹೂ ದೂರಕ್ಕೂ ಕಾಣುತ್ತದೆ, ಹಕ್ಕಿಗೆ ಹುಡುಕುವ ಕೆಲಸ ಇಲ್ಲ. ಬೇಸಿಗೆಯ ನೀರಿನ ಕೊರತೆಗೆ ಎಲೆ ಕಳಚಿದ ಮರ, ಅದೇ ಬರಿಮೈಯನ್ನು ಹೂವಿಗೆ ಬಳಸಿಕೊಳ್ಳುತ್ತದೆ. ಮುತ್ತುಗ ಇನ್ನೂ ಮೊಗ್ಗು. ಕಪ್ಪು ಮಖಮಲ್ಲಿನಂಥ ತೊಟ್ಟು, ತುದಿಯಲ್ಲಿ ಸ್ವಲ್ಪವೇ ಕಿತ್ತಳೆ ಇಣುಕುತ್ತಿದೆ. ಮುಟ್ಟಿದರೆ ಕರುವಿನ ಕಿವಿ ಮುಟ್ಟಿದ ಹಾಗಿರುತ್ತದೆ.

ಗುಡ್ಡದ ಬಹಳಷ್ಟು ಜಾಗ ಗ್ಲಿರಿಸಿಡಿಯಾ. ನಮ್ಮ ಕಡೆ ಗೊಬ್ಬರದ ಗಿಡ ಅನ್ನುತ್ತೇವಲ್ಲ, ಅದೇ. ಮಧ್ಯ ಅಮೆರಿಕದ ಗಿಡ. ಗುಡ್ಡ ಹಸಿರಾಗಲಿ ಅಂತ ನೆಟ್ಟಿದ್ದು. ಈ ದಿನಗಳಲ್ಲಿ ತಿಳಿ ಗುಲಾಬಿ ಹೂ ತುಂಬಿ ನೋಡಲು ಚೆಂದ. ಜನ ಫೋಟೋ ತೆಗೆಯುತ್ತಾರೆ. ಆದರೆ ಅದರ ಕೆಳಗೆ ಬೇರೆ ಗಿಡ ಅಷ್ಟಾಗಿ ಏಳುವುದಿಲ್ಲ. ನನಗೆ ಅದರ ಚೆಂದಕ್ಕಿಂತ, ಪಕ್ಕದ ಕಲ್ಲಿನ ಸಂದಿಯಲ್ಲಿ ಒಂಟಿಯಾಗಿ ನಿಂತ ಮುತ್ತುಗ ಹೆಚ್ಚು. ಈ ಗುಡ್ಡದಲ್ಲಿ ರಸ್ತೆ, ಸುರಂಗ ಮಾಡುವ ಯೋಜನೆ ಬಂದಾಗ 2023ರಲ್ಲಿ ಊರ ಜನ ಬೀದಿಗೆ ಇಳಿದು ನಡೆದರು. ಬೆಳಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು, ಕೋಲು ಊರಿಕೊಂಡು ಹತ್ತುವ ಎಪ್ಪತ್ತು, ಎಂಬತ್ತು ವರ್ಷದ ಅಜ್ಜಂದಿರನ್ನು ನೋಡಿದರೆ ಅದು ಯಾಕೆ ಅಂತ ಕೇಳಬೇಕಾಗಿಲ್ಲ. ಅವರಿಗೆ ಇದು ಮನೆಯ ಇನ್ನೊಂದು ಕೋಣೆ.

ಇಳಿಯುವಾಗ ಕಂಚುಗಾರ ಹಕ್ಕಿ ಕೂಗಿತು. ಟುಕ್, ಟುಕ್, ಟುಕ್. ಚಳಿ ಇರುವ ತನಕ ಇದು ಸುಮ್ಮನಿರುತ್ತದೆ. ಮರಾಠಿಯಲ್ಲಿ ಇದಕ್ಕೆ ತಾಂಬಟ್ ಅನ್ನುತ್ತಾರೆ, ತಾಮ್ರ ಬಡಿಯುವವನು. ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಅಂತ ಒಂದು ಓಣಿಯೇ ಇದೆ, ಅಲ್ಲಿ ಈಗಲೂ ಕೈಯಲ್ಲಿ ತಾಮ್ರದ ಪಾತ್ರೆ ಬಡಿಯುತ್ತಾರೆ. ಅವ್ವನಿಗೆ ಅಲ್ಲಿಂದ ಒಂದು ಕೊಡ ಕೊಡಿಸಿದ್ದೆ. ಗುಡ್ಡದ ಮೇಲೆ ಹಕ್ಕಿ ಕೂಗಿದ್ದನ್ನು ಹೇಳಿದಾಗ "ಅಂದ್ರ ಇನ್ನ ಥಂಡಿ ಹೊಂಟ್ತು ಬಿಡು" ಅಂದಳು. ಮರುದಿನ ಬೆಳಗ್ಗೆ 11 ಡಿಗ್ರಿ. ಹಕ್ಕಿಯ ಸದ್ದೂ ಇಲ್ಲ.

ತಿನ್ನುವುದರಲ್ಲೂ ಅಷ್ಟೇ, ಚಳಿಗಾಲದ್ದು ಮುಗಿದಿಲ್ಲ, ಬೇಸಿಗೆಯದು ಬಂದಿಲ್ಲ. ಮಂಡಈಯಲ್ಲಿ, ಅಂದರೆ ತರಕಾರಿ ಮಾರುಕಟ್ಟೆಯಲ್ಲಿ, ಹಸಿ ಕಡಲೆಗಿಡದ ಕಟ್ಟು ಇನ್ನೂ ಸಿಗುತ್ತಿದೆ. ಅವ್ವ ಪೇಪರ್ ಹಾಸಿಕೊಂಡು ಸುಲಗಾಯಿ ಬಿಡಿಸುತ್ತಾಳೆ. ಬೆರಳ ತುದಿಗೆ ಹುಳಿ ಅಂಟುತ್ತದೆ. ಊರಿನಲ್ಲಿ ಸೀತನಿ ತಿನ್ನುವ ಕಾಲ ಇದು ಅಂತ ನೆನಪು ಮಾಡಿಕೊಂಡಳು. ಹಸಿ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಬಿಸಿ ತಿಕ್ಕಿ, ಶೇಂಗಾ ಚಟ್ನಿ ಜೊತೆ ತಿನ್ನುವುದು. ಇಲ್ಲಿ ಅದಕ್ಕೆ ಹುರ್ಡಾ. ಪಕ್ಕದ ಮನೆಯ ಕಾಕು ಸೋಲಾಪುರದ ತಮ್ಮನ ಹೊಲದಿಂದ ಬಂದ ಹುರ್ಡಾ ಒಂದು ಡಬ್ಬಿ ಕೊಟ್ಟರು. ಇಷ್ಟು ತಡವಾಗಿ ಸಿಕ್ಕಿದ್ದು ಚಳಿಯ ಪುಣ್ಯ, ತಂಪಿದ್ದರೆ ಕಾಳು ನಿಧಾನವಾಗಿ ಬಲಿಯುತ್ತದೆ. ಮಾವಿನ ವ್ಯಾಪಾರಿಗೆ ಮಾತ್ರ ಈ ಚಳಿ ಬೇಡ. ಮಾವು ಹೂ ಬಿಡಲು ರಾತ್ರಿಯ ಚಳಿ ಬೇಕು. ಆದರೆ ಕಾಯಿ ಕಟ್ಟಿದ ಮೇಲೂ ಚಳಿ ನಿಂತರೆ ಮರ ಮತ್ತೆ ಹೂ ಬಿಡುತ್ತದೆ, ಮೊದಲು ಕಟ್ಟಿದ ಮಿಡಿ ಉದುರುತ್ತವೆ. ಕೊಂಕಣದವರು ಅದಕ್ಕೆ ಪುನರ್‌ಮೊಹೋರ್ ಅನ್ನುತ್ತಾರೆ. "ಈ ಸಲ ಹಾಪೂಸ್ ತಡ, ತಾಯಿ" ಅಂತ ವ್ಯಾಪಾರಿ ಹೇಳಿದಾಗ ಅವನ ಮುಖ ನೋಡಿ ನನಗೂ ಬೇಜಾರಾಯಿತು. ನನ್ನ ಸಂತೋಷದ ಚಳಿ ಇನ್ನೊಬ್ಬರ ನಷ್ಟ.

ಕೌದಿಗೆ ವಾಪಸ್ ಬರುತ್ತೇನೆ.

ನಮ್ಮ ಮನೆಯಲ್ಲಿ ಈಗ ಎರಡು ಕೌದಿ. ಒಂದು ಹೊಸದು, ಇನ್ನೂ ಅವ್ವನ ಮಡಿಲಲ್ಲಿದೆ. ಮೊಮ್ಮಗನಿಗೆ ಅಂತ ಹೊಲಿಯುತ್ತಿದ್ದಾಳೆ. ನನ್ನ ಹಳೇ ಕಾಟನ್ ಸೀರೆಗಳು, ಅವನ ಮೂರನೇ ಕ್ಲಾಸಿನ ಯೂನಿಫಾರ್ಮ್ ಶರ್ಟು. ಪದರದ ಮೇಲೆ ಪದರ ಹಾಸಿ, ಮುದುರಿಲ್ಲದಂತೆ ಅಂಗೈಯಿಂದ ಸವರಿ, ಅಂಚು ಮಡಚಿ ಹೊಲಿಗೆ. ಸೂಜಿಯಲ್ಲಿ ನಾಲ್ಕು ಹೊಲಿಗೆ ಒಟ್ಟಿಗೆ ಹೊತ್ತುಕೊಂಡು, ಆಮೇಲೆ ದಾರ ಎಳೆಯುತ್ತಾಳೆ. ಸರ್ ಅಂತ ಸದ್ದು. ಮಧ್ಯಾಹ್ನ ಮನೆ ಸುಮ್ಮನಿದ್ದಾಗ ನಾನು ಕಂಪ್ಯೂಟರ್ ಮುಂದೆ ಕೂತಿದ್ದರೂ ಆ ಸದ್ದು ಕಿವಿಗೆ ಬೀಳುತ್ತದೆ. ಅವಳು ಕೂರುವುದು ಬಾಲ್ಕನಿ ಬಾಗಿಲಲ್ಲೇ. ಬಿಸಿಲು ಸರಿದ ಹಾಗೆ ಚಾಪೆಯನ್ನೂ ಸರಿಸುತ್ತಾಳೆ. ಮಗ ಆಕೆಯನ್ನು ಆಯಿ ಅನ್ನುತ್ತಾನೆ, ನಮ್ಮ ಕಡೆ ಅವ್ವನ ಅವ್ವನನ್ನು ಕರೆಯುವ ಹಾಗೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಮೊದಮೊದಲು ಬಿಲ್ಡಿಂಗಿನ ಮಕ್ಕಳಿಗೆ ಗೊಂದಲ ಆಗುತ್ತಿತ್ತು. ಈಗ ಅವರೂ ಆಯಿ ಅಂತಲೇ ಕರೆದು, ಗೂಡು ನೋಡಲು ಬಾಗಿಲ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಿಗೆ ಒಂದು ನಿಮಿಷ. ಮಾತಾಡಬಾರದು. ಇದು ಆಯಿಯ ನಿಯಮ.

ಇನ್ನೊಂದು ಹಳೇ ಕೌದಿ, ಮಂಚದ ಮೇಲಿರುವುದು. ಮೇಲೆ ಅವ್ವನ ಇಳಕಲ್ ಸೀರೆ, ಕೆಂಪು ಸೆರಗು ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿದೆ. ಒಳಪದರದಲ್ಲಿ ಅಪ್ಪನ ಎರಡು ಧೋತರ. ಅಪ್ಪ ಹೋಗಿ ಮೂರು ವರ್ಷ. ಕೌದಿಯ ಒಂದು ಕಡೆ ಹೊಲಿಗೆ ಬಿಟ್ಟು ಸಣ್ಣ ಕಿಂಡಿಯಾಗಿದೆ. ಅಲ್ಲಿ ಬೆರಳು ಹಾಕಿದರೆ ಧೋತರದ ನೀಲಿ ಅಂಚು ಕಾಣುತ್ತದೆ. ಅದನ್ನು ಹೊಲಿದುಬಿಡು ಅಂತ ಅವ್ವನಿಗೆ ನಾನು ಹೇಳಿಲ್ಲ. ಅವಳೂ ಹೊಲಿದಿಲ್ಲ.

ಹಿಂದಿನ ವರ್ಷ ಇದನ್ನು ವಾಷಿಂಗ್ ಮಷೀನಿಗೆ ಹಾಕಿದ್ದೆ. ನೀರು ಕುಡಿದ ಕೌದಿಯ ಭಾರಕ್ಕೆ ಮಷೀನ್ ನಡುವೆ ನಿಂತುಬಿಟ್ಟಿತು. ಇಬ್ಬರು ಹಿಡಿದು ಎತ್ತಬೇಕಾಯಿತು. ಆಮೇಲೆ ಬಾತ್‌ರೂಮಿನಲ್ಲಿ ಹಾಸಿ, ಕಾಲಿನಿಂದ ತುಳಿದು ಒಗೆದೆ. ಬಾಲ್ಕನಿಯ ಗ್ರಿಲ್ ಮೇಲೆ ಹಾಕಿದರೆ ಒಣಗಲು ಎರಡು ದಿನ. ಕೌದಿ ಒಗೆಯುವುದು ಅಂದರೆ ಅದೊಂದು ದೊಡ್ಡ ಕೆಲಸ. ಆದರೂ ಪ್ರತಿ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ಆಗಲೇಬೇಕು.

ಈ ವರ್ಷ ಆಗಲಿಲ್ಲ. ಬೆಳಗ್ಗೆ ಇನ್ನೂ ಬೇಕಾಗುತ್ತದೆ, ಅದು ಒಂದು. ಇನ್ನೊಂದು, ನಿನ್ನೆ ಮಧ್ಯಾಹ್ನ ಬಿಸಿಲು ಚುರುಕಾಗಿತ್ತು, ಇವತ್ತು ಒಗೆದುಬಿಡೋಣ ಅಂತ ನಾನು ಕೌದಿ ಎತ್ತಿಕೊಂಡು ಹೊರಟೆ. ಅವ್ವ ಸೂಜಿ ಹಿಡಿದ ಕೈಯಿಂದಲೇ ತಡೆದಳು.

"ಎಲ್ಲಿ ಹಾಕ್ತಿ ಒಣಗಾಕ?"

ಬಾಲ್ಕನಿ ನೋಡಿದೆ. ಕೌದಿ ಹಿಡಿಯುವಷ್ಟು ಉದ್ದದ ಗ್ರಿಲ್ ಇರುವುದು ಅಲ್ಲೊಂದೇ ಕಡೆ. ಅದರ ನಟ್ಟ ನಡುವೆ ಗೂಡು. ಬಾಗಿಲಲ್ಲಿ ಕೊಕ್ಕು.

"ಮರಿ ಹಾರೋ ತನಕ ಹೆಂಗೂ ತಿಂಗಳು ಬೇಕ. ಆಮ್ಯಾಲೆ ಒಗದ್ರಾತು. ಯುಗಾದಿ ಮುಗಿಸ್ಕೊಂಡ ಹೋಗ್ತೀನಿ ನಾನು."

ಶಿವರಾತ್ರಿ ಮರುದಿನದ ಬಸ್ಸಿಗೆ ಅಂತ ಹೇಳುತ್ತಿದ್ದವಳು. ನಾನು ಏನೂ ಮಾತಾಡಲಿಲ್ಲ. ಕೌದಿಯನ್ನು ವಾಪಸ್ ಮಂಚದ ಮೇಲೆ ಹಾಸಿದೆ.

ಇವತ್ತು ಬೆಳಗ್ಗೆ ಐದೂವರೆಗೆ ಎಚ್ಚರವಾಯಿತು. ಕಾಲು ತಣ್ಣಗಾಗಿತ್ತು. ಹೊರಗೆ ಇನ್ನೂ ಕತ್ತಲೆ. ಮಗ ಪಕ್ಕದ ಕೋಣೆಯಲ್ಲಿ ಪೈಥಾಗೊರಸ್ ಪ್ರಮೇಯ ಓದಿಕೊಳ್ಳುತ್ತಿದ್ದ. ಕೌದಿ ಎಳೆದುಕೊಂಡು ಗದ್ದದ ತನಕ ಹೊದ್ದೆ. ಬೆರಳು ತಾನಾಗೇ ಆ ಕಿಂಡಿ ಹುಡುಕಿತು. ಕಿಟಕಿಯ ಆಚೆ ಎಲ್ಲಿಂದಲೋ ಮೊದಲ ಕೋಗಿಲೆ, ಒಂದೇ ಒಂದು ಸಲ.